ಬಿದ್ದ ಹಲ್ಲಿಗೆ ಇನ್ನೂ ಜೀವ ಇರುತ್ತದೆ

ಅಕ್ಕನ ಮಗನಿಗೆ ಆಗ ಒಂಬತ್ತು ವರ್ಷ. ಓಡುವಾಗ ಎಡವಿ ಬಿದ್ದ, ಬಾಯಿ ಹೋಗಿ ಮೆಟ್ಟಿಲ ಅಂಚಿಗೆ ಬಡಿಯಿತು. ಮೇಲಿನ ಬಾಚಿ ಹಲ್ಲು ಒಂದು ಬುಡಸಮೇತ ಕಿತ್ತು ಬಂತು. ಅಲ್ಲಿದ್ದ ದೊಡ್ಡವರು ಗಾಬರಿಯಲ್ಲೂ ಹಲ್ಲನ್ನು ಹುಡುಕಿದರು. ಮಣ್ಣಾಗಿದೆ ಅಂತ ನಲ್ಲಿ ಕೆಳಗೆ ಹಿಡಿದು ಉಜ್ಜಿ ಉಜ್ಜಿ ತೊಳೆದರು. ಒರೆಸಿ, ಟಿಶ್ಯೂ ಪೇಪರಿನಲ್ಲಿ ಸುತ್ತಿ, ಜೇಬಿಗೆ ಹಾಕಿಕೊಂಡರು. ಡೆಂಟಿಸ್ಟ್ ಹತ್ತಿರ ಹೋಗಿ ಕೂರುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು. ಅವರು ಪೊಟ್ಟಣ ಬಿಚ್ಚಿದರು. ಹಲ್ಲು ಒಣಗಿ, ಬೆಳ್ಳಗೆ, ತಿಕ್ಕಿ ಇಟ್ಟ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ನೋಡಿದ ಕೂಡಲೇ ಅವರ ಮುಖ ಸಪ್ಪಗಾಯಿತು. "ಇಷ್ಟು ತೊಳೆಯಬಾರದಿತ್ತು" ಅಂದರು.

ಯಾರೂ ಅಸಡ್ಡೆ ಮಾಡಿರಲಿಲ್ಲ. ಎಲ್ಲರೂ ಪ್ರೀತಿಯಿಂದಲೇ ಓಡಾಡಿದ್ದರು. ಗೊತ್ತಿಲ್ಲದೆ ಇದ್ದದ್ದು ಒಂದೇ ವಿಷಯ. ಹಲ್ಲು ಅಂದರೆ ಕಲ್ಲಿನ ತುಂಡಲ್ಲ, ಅದಕ್ಕೆ ಜೀವ ಇದೆ. ಒಳಗೆ ರಕ್ತ ಹರಿಯುತ್ತದೆ, ನರ ಇದೆ. ಬೇರಿನ ಮೇಲೆ ಜೀವಕೋಶಗಳ ತೆಳು ಪೊರೆ ಇದೆ. ಇದೊಂದು ಮನಸ್ಸಿನಲ್ಲಿ ಕೂತರೆ, ತುರ್ತು ಹೊತ್ತಿನಲ್ಲಿ ಮಾಡಬೇಕಾದ್ದು ಮುಕ್ಕಾಲು ಪಾಲು ತಾನಾಗಿಯೇ ಹೊಳೆಯುತ್ತದೆ. ಅದಕ್ಕೇ ಇಲ್ಲಿ ಏನು ಮಾಡಬೇಕು ಅನ್ನುವುದರ ಜೊತೆಗೆ ಯಾಕೆ ಅನ್ನುವುದನ್ನೂ ಬರೆದಿದ್ದೇನೆ.

ಬುಡಸಮೇತ ಬಂದ ಹಲ್ಲು

ಕಿತ್ತು ಬಂದ ಹಲ್ಲನ್ನು ಮೊದಲ ಸಲ ನೋಡಿದವರು ಅದರ ಉದ್ದ ಕಂಡು ಬೆರಗಾಗುತ್ತಾರೆ. ನಕ್ಕಾಗ ಕಾಣುವ ಭಾಗ ಅರ್ಧಕ್ಕಿಂತ ಕಮ್ಮಿ. ಮಿಕ್ಕಿದ್ದೆಲ್ಲ ಬೇರು. ಅದು ತುಸು ಹಳದಿ ಬಣ್ಣದ್ದು, ತುದಿಗೆ ಹೋಗುತ್ತಾ ಸಣ್ಣಗಾಗುತ್ತದೆ. ಅಲ್ಲಲ್ಲಿ ನಸುಗೆಂಪು ಎಳೆಗಳು ಅಂಟಿಕೊಂಡಿರುತ್ತವೆ. ನೋಡಿದರೆ ಕೊಳೆ ಅನ್ನಿಸುತ್ತದೆ. ಆದರೆ ಹಲ್ಲನ್ನು ದವಡೆಯ ಮೂಳೆಗೆ ಕಟ್ಟಿಹಾಕಿದ್ದ ನಾರುಗಳೇ ಅವು. ಹಲ್ಲು ಕಿತ್ತಾಗ ಆ ಪೊರೆ ನಡುವೆ ಹರಿದು, ಅರ್ಧ ಗುಳಿಯಲ್ಲಿ ಉಳಿಯುತ್ತದೆ, ಅರ್ಧ ಬೇರಿನ ಜೊತೆ ಬರುತ್ತದೆ. ಎರಡೂ ಕಡೆ ಜೀವ ಇರುವಾಗಲೇ ಹಲ್ಲನ್ನು ವಾಪಸ್ ಕೂರಿಸಿದರೆ ಹರಿದದ್ದು ಮತ್ತೆ ಬೆಸೆದುಕೊಳ್ಳುತ್ತದೆ.

ಆ ಪೊರೆ ಒಣಗಬಾರದು, ಅಷ್ಟೇ. ಗಾಳಿಗೆ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಜೀವಕೋಶಗಳು ಸಾಯತೊಡಗುತ್ತವೆ. ಒಣಗಿದ ಸ್ಥಿತಿಯಲ್ಲಿ ಒಂದು ಗಂಟೆ ಕಳೆದರೆ ಹೆಚ್ಚುಕಮ್ಮಿ ಯಾವುದೂ ಉಳಿಯುವುದಿಲ್ಲ. ಅಂದರೆ, ಈ ಹಲ್ಲಿನ ಹಣೆಬರಹ ಬರೆಯುವವರು ಡೆಂಟಿಸ್ಟ್ ಅಲ್ಲ. ಹಲ್ಲು ಬಿದ್ದಾಗ ಪಕ್ಕದಲ್ಲಿ ನಿಂತಿದ್ದವರು.

ಹಲ್ಲು ಹುಡುಕುವ ಮೊದಲು ಪೆಟ್ಟು ತಿಂದವರನ್ನು ನೋಡಿ. ಪ್ರಜ್ಞೆ ತಪ್ಪಿತ್ತಾ? ವಾಂತಿ ಆಗುತ್ತಿದೆಯಾ? ಮಾತು ತೊದಲುತ್ತಿದೆಯಾ? ಹೌದಾದರೆ ಅದು ತಲೆಗೆ ಬಿದ್ದ ಪೆಟ್ಟು, ಹಲ್ಲಿನ ಮಾತು ಆಮೇಲೆ. ಸೀದಾ ಆಸ್ಪತ್ರೆಗೆ ಹೋಗಿ. ಹಾಗೇನೂ ಇಲ್ಲದಿದ್ದರೆ ಹಲ್ಲನ್ನು ಹುಡುಕಿ. ಎತ್ತುವಾಗ ಬಿಳಿ ಭಾಗವನ್ನು ಮಾತ್ರ ಹಿಡಿಯಿರಿ, ಬೇರನ್ನು ಬೆರಳಿನಿಂದ ಮುಟ್ಟಬೇಡಿ. ಮಣ್ಣು ಮೆತ್ತಿದ್ದರೆ ಹಾಲಿನಲ್ಲೋ ಸಲೈನ್‌ನಲ್ಲೋ ಒಮ್ಮೆ ಅದ್ದಿ ತೆಗೆಯಿರಿ. ಎರಡೂ ಇಲ್ಲದಿದ್ದರೆ ತಣ್ಣೀರು ಆಗುತ್ತದೆ, 10 ಸೆಕೆಂಡು ಸಾಕು. ಉಜ್ಜಬೇಡಿ. ಸೋಪು, ಡೆಟಾಲ್ ಯಾವುದೂ ಬೇಡ.

ಆಮೇಲಿನ ಹೆಜ್ಜೆಗೆ ಧೈರ್ಯ ಬೇಕು. ಹಲ್ಲನ್ನು ಅದೇ ಗುಳಿಗೆ ನೀವೇ ವಾಪಸ್ ಕೂರಿಸಬೇಕು. ಉಬ್ಬಿದ ನುಣುಪು ಭಾಗ ತುಟಿಯ ಕಡೆ, ತಗ್ಗಾದ ಭಾಗ ನಾಲಿಗೆಯ ಕಡೆ. ಪಕ್ಕದ ಹಲ್ಲನ್ನು ನೋಡಿಕೊಂಡರೆ ದಿಕ್ಕು ತಪ್ಪುವುದಿಲ್ಲ. ಮೆಲ್ಲಗೆ, ಬಿಡದೆ ಒತ್ತಿ. ಬಹಳಷ್ಟು ಸಲ ಅದು ತನ್ನ ಜಾಗಕ್ಕೆ ಜಾರಿಕೊಂಡು ಕೂರುತ್ತದೆ. ಆಮೇಲೆ ಚೊಕ್ಕಟವಾದ ಕರ್ಚೀಫನ್ನು ಮಡಿಚಿ ಕಚ್ಚಿ ಹಿಡಿದುಕೊಳ್ಳಲು ಹೇಳಿ, ಹೊರಡಿ. ಹಲ್ಲಿನ ಪೆಟ್ಟುಗಳ ಬಗ್ಗೆಯೇ ಕೆಲಸ ಮಾಡುವ ಇಂಟರ್‌ನ್ಯಾಷನಲ್ ಅಸೋಸಿಯೇಷನ್ ಆಫ್ ಡೆಂಟಲ್ ಟ್ರಾಮಟಾಲಜಿ ಅನ್ನುವ ಸಂಸ್ಥೆ 2020ರಲ್ಲಿ ಹೊರತಂದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಜಾಗದಲ್ಲೇ ಕೂರಿಸುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ರೋಗನಿರೋಧಕ ಶಕ್ತಿ ತುಂಬಾ ಕುಗ್ಗಿರುವವರು, ಗಂಭೀರ ಹೃದಯದ ಕಾಯಿಲೆ ಇರುವವರು ಮಾತ್ರ ಮೊದಲು ವೈದ್ಯರನ್ನು ಕೇಳಬೇಕು.

ಕೈ ನಡುಗುತ್ತದೆ, ಮಗು ಅಳುತ್ತಿದೆ, ಆಗುವುದಿಲ್ಲ ಅನ್ನಿಸಿದರೆ ಬೇಸರ ಬೇಡ. ಒಂದು ಲೋಟದಲ್ಲಿ ಹಲ್ಲು ಮುಳುಗುವಷ್ಟು ತಣ್ಣನೆಯ ಹಾಲು ಹಾಕಿ, ಅದರಲ್ಲಿಡಿ. ಹಾಲೇ ಯಾಕೆ? ಹಾಲಿನಲ್ಲಿ ಕರಗಿರುವ ಲವಣ, ಸಕ್ಕರೆಗಳ ಸಾಂದ್ರತೆ ನಮ್ಮ ದೇಹದ ದ್ರವಕ್ಕೆ ಹತ್ತಿರ ಇದೆ. ಜೀವಕೋಶಗಳು ಅದರಲ್ಲಿ ಕೆಲವು ಗಂಟೆ ತಡೆದುಕೊಳ್ಳುತ್ತವೆ. ಬರೀ ನೀರಿನಲ್ಲಿಟ್ಟರೆ ನೀರು ಕೋಶದೊಳಗೆ ನುಗ್ಗಿ, ಅದು ಊದಿ ಒಡೆಯುತ್ತದೆ. ಹಾಲು ಸಿಗದಿದ್ದರೆ ಪೆಟ್ಟು ತಿಂದವರದೇ ಎಂಜಲನ್ನು ಒಂದು ಲೋಟಕ್ಕೆ ಉಗುಳಿಸಿ ಅದರಲ್ಲಿಡಬಹುದು. ಏನೂ ಇಲ್ಲದಿದ್ದರೆ ನೀರೇ ಆಗಲಿ, ಒಣಗುವುದಕ್ಕಿಂತ ಅದು ಮೇಲು.

ಇಷ್ಟೆಲ್ಲ ಹೇಳಿದ್ದು ಶಾಶ್ವತ ಹಲ್ಲಿಗೆ. ಹಾಲು ಹಲ್ಲನ್ನು ವಾಪಸ್ ಕೂರಿಸಬಾರದು. ಅದರ ಬೇರಿನ ಹಿಂದೆಯೇ ಮುಂದೆ ಬರಬೇಕಾದ ಹಲ್ಲಿನ ಮೊಳಕೆ ಇರುತ್ತದೆ. ಒತ್ತಿದರೆ ಅದಕ್ಕೆ ಪೆಟ್ಟು. ಐದು ವರ್ಷದೊಳಗಿನ ಮಗುವಾದರೆ ಬಾಯಿಯ ಮುಂಭಾಗದ ಹಲ್ಲು ಸಾಮಾನ್ಯವಾಗಿ ಹಾಲು ಹಲ್ಲೇ. ಆರರಿಂದ ಎಂಟರ ನಡುವೆ ಎರಡೂ ಬೆರೆತಿರುತ್ತವೆ. ಹಾಲು ಹಲ್ಲು ಚಿಕ್ಕದು, ಜಾಸ್ತಿ ಬಿಳಿ. ಹೊಸದಾಗಿ ಬಂದ ಶಾಶ್ವತ ಬಾಚಿ ಹಲ್ಲು ಅಗಲ, ಅದರ ಅಂಚಿನಲ್ಲಿ ಗರಗಸದ ಹಾಗೆ ಸಣ್ಣ ಸಣ್ಣ ಉಬ್ಬು ಇರುತ್ತದೆ. ಯಾವುದು ಅಂತ ಗೊತ್ತಾಗದಿದ್ದರೆ ಹಾಲಿನಲ್ಲಿಟ್ಟು ಡೆಂಟಿಸ್ಟ್ ಹತ್ತಿರ ಓಡಿ.

ಅಲ್ಲಿ ಹಲ್ಲನ್ನು ಅಕ್ಕಪಕ್ಕದ ಹಲ್ಲುಗಳಿಗೆ ತೆಳು ತಂತಿಯಿಂದ ಸುಮಾರು ಎರಡು ವಾರ ಕಟ್ಟಿರುತ್ತಾರೆ. ಬೇರು ಪೂರ್ತಿ ಬೆಳೆದ ಹಲ್ಲಾದರೆ ಆ ಎರಡು ವಾರದೊಳಗೇ ರೂಟ್ ಕೆನಾಲ್, ಅಂದರೆ ಹಲ್ಲಿನ ಒಳಗಿನ ನರ, ರಕ್ತನಾಳಗಳ ತಿರುಳನ್ನು ತೆಗೆದು ತುಂಬುವ ಚಿಕಿತ್ಸೆ, ಶುರು ಮಾಡುತ್ತಾರೆ. ಹಲ್ಲು ಮಣ್ಣಿಗೆ ಬಿದ್ದಿದ್ದರೆ ಟೆಟನಸ್ ಚುಚ್ಚುಮದ್ದು ಬೇಕಾ ಅಂತ ನೋಡುತ್ತಾರೆ. ತಡವಾಗಿದ್ದರೂ ಹಲ್ಲನ್ನು ಎಸೆಯಬೇಡಿ. ನಮ್ಮ ಹುಡುಗನಿಗೂ ಆ ಒಣಗಿದ ಹಲ್ಲನ್ನೇ ಕೂರಿಸಿದರು. ಪೊರೆ ಸತ್ತಿದ್ದರಿಂದ ಹಲ್ಲು ನೇರವಾಗಿ ಮೂಳೆಗೇ ಅಂಟಿಕೊಂಡಿದೆ. ಹೀಗಾದಾಗ ದೇಹ ಅದನ್ನು ಹಲ್ಲು ಅಂತ ನೋಡದೆ, ಬೇರನ್ನು ನಿಧಾನಕ್ಕೆ ಕರಗಿಸಿ ಮೂಳೆ ತುಂಬುತ್ತಾ ಹೋಗುತ್ತದೆ. ಹುಡುಗ ಬೆಳೆದಂತೆ ದವಡೆ ಬೆಳೆಯುತ್ತಿದೆ, ಆ ಹಲ್ಲು ಮಾತ್ರ ಇದ್ದಲ್ಲೇ ನಿಂತಿದೆ. ನಕ್ಕರೆ ಅದೊಂದು ಗಿಡ್ಡ ಕಾಣುತ್ತದೆ. ಆದರೂ ಜಾಗ ಉಳಿದಿದೆ, ಮೂಳೆ ಕುಸಿದಿಲ್ಲ. ಮುಂದಿನ ಚಿಕಿತ್ಸೆಗೆ ಅದು ದೊಡ್ಡ ಸಹಾಯ ಅಂತ ಡೆಂಟಿಸ್ಟ್ ಹೇಳಿದ್ದಾರೆ.

ಮುರಿದದ್ದು, ಅಲುಗಿದ್ದು

ಹಲ್ಲು ಮುರಿದಾಗ ಮುರಿದ ಜಾಗವನ್ನು ಬೆಳಕಿನಲ್ಲಿ ನೋಡಿ. ಹೊರಗಿನ ಎನಾಮಲ್ ಮಾತ್ರ ಚೂರು ಹಾರಿದ್ದರೆ ನೋವು ಇರುವುದಿಲ್ಲ, ಅಂಚು ನಾಲಿಗೆಗೆ ಚುಚ್ಚುತ್ತದೆ ಅಷ್ಟೇ. ಒಳಗಿನ ಹಳದಿ ಪದರ ಕಂಡರೆ ಗಾಳಿ, ನೀರು ತಾಗಿದ ಕೂಡಲೇ ಜುಮ್ ಅನ್ನುತ್ತದೆ. ನಟ್ಟನಡುವೆ ಕೆಂಪು ಚುಕ್ಕೆ ಕಂಡರೆ, ಅಥವಾ ಅಲ್ಲಿಂದ ರಕ್ತ ಜಿನುಗಿದರೆ, ಹಲ್ಲಿನ ಒಳಗಿನ ತಿರುಳು ತೆರೆದುಕೊಂಡಿದೆ ಅಂತ ಅರ್ಥ. ಅದನ್ನು ಅವತ್ತೇ ತೋರಿಸಬೇಕು. ಎಳೆ ವಯಸ್ಸಿನ ಹಲ್ಲಾದರೆ ತಿರುಳಿನ ಮೇಲ್ಭಾಗ ಮಾತ್ರ ತೆಗೆದು, ಔಷಧಿ ಹಾಕಿ ಮುಚ್ಚಿ, ಮಿಕ್ಕ ತಿರುಳನ್ನು ಜೀವಂತ ಉಳಿಸಲು ಆಗುತ್ತದೆ. ಮುರಿದ ಚೂರು ಸಿಕ್ಕರೆ ಹಾಲಿನಲ್ಲೋ ನೀರಿನಲ್ಲೋ ಹಾಕಿ ತಗೊಂಡು ಹೋಗಿ. ಇಲ್ಲಿ ನೀರು ನಡೆಯುತ್ತದೆ, ಚೂರಿನಲ್ಲಿ ಕಾಪಾಡಬೇಕಾದ ಪೊರೆ ಇಲ್ಲ. ಎಷ್ಟೋ ಸಲ ಅದೇ ಚೂರನ್ನು ಅಂಟಿಸಿ ಕೊಡುತ್ತಾರೆ.

ಚೂರೂ ಸಿಗಲಿಲ್ಲ, ಹಲ್ಲೂ ಸಿಗಲಿಲ್ಲ ಅಂದರೆ ತುಟಿ ಸೀಳಿದ್ದರೆ ಅದರೊಳಗೆ ಸಿಕ್ಕಿಕೊಂಡಿದೆಯಾ ನೋಡಿ. ಹಲ್ಲು ಸಿಕ್ಕಿಲ್ಲ, ಜೊತೆಗೆ ಕೆಮ್ಮು ಬಿಡುತ್ತಿಲ್ಲ, ಉಸಿರಾಡುವಾಗ ಸುಯ್ ಅನ್ನುತ್ತಿದೆ ಅಂದರೆ ಶ್ವಾಸನಾಳಕ್ಕೆ ಹೋಗಿರಬಹುದು. ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಪೆಟ್ಟಿಗೆ ಹಲ್ಲು ಅಲುಗಾಡುತ್ತಿದ್ದರೆ ಬೆರಳಿನಿಂದ ಆಡಿಸಿ ನೋಡುವ ಆಸೆ ಆಗುತ್ತದೆ. ಬಿಟ್ಟುಬಿಡಿ. ಒಳಕ್ಕೆ ಹೂತುಹೋದ ಹಲ್ಲನ್ನು ಎಳೆಯಲೂ ಬೇಡಿ. ಮೆತ್ತಗಿನದ್ದು ತಿನ್ನಿ, ಆ ಕಡೆ ಕಚ್ಚಬೇಡಿ, ಅವತ್ತೇ ತೋರಿಸಿ.

ರಾತ್ರಿ ಎಬ್ಬಿಸುವ ಹಲ್ಲುನೋವು

ಮೈಯಲ್ಲಿ ಬೇರೆ ಎಲ್ಲೇ ಉರಿಯೂತ ಆದರೂ ಆ ಜಾಗ ಊದಿಕೊಳ್ಳುತ್ತದೆ. ಹಲ್ಲಿನ ತಿರುಳಿಗೆ ಆ ಅನುಕೂಲ ಇಲ್ಲ. ಸುತ್ತಲೂ ಗಟ್ಟಿ ಗೋಡೆ, ಬೇರಿನ ತುದಿಯಲ್ಲಿ ಮಾತ್ರ ಸಣ್ಣ ಕಿಂಡಿ. ಊದಲು ಜಾಗ ಇಲ್ಲದೆ ಒತ್ತಡವೆಲ್ಲ ನರದ ಮೇಲೆ ಬೀಳುತ್ತದೆ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಇನ್ನಷ್ಟು ಏರುತ್ತದೆ. ಹಗಲು ಹೇಗೋ ತಡೆದುಕೊಂಡ ನೋವು ರಾತ್ರಿ ದಿಂಬಿಗೆ ತಲೆ ಕೊಟ್ಟ ಕೂಡಲೇ ಟಕ್ ಟಕ್ ಅಂತ ಬಡಿಯುವುದು ಇದಕ್ಕೇ. ಎರಡು ದಿಂಬು ಇಟ್ಟು ತಲೆ ಎತ್ತರಿಸಿಕೊಂಡರೆ ಸ್ವಲ್ಪ ಹಗುರಾಗುತ್ತದೆ.

ನೋವಿನ ರೀತಿಯನ್ನು ಗಮನಿಸಿ. ತಣ್ಣಗಿನದ್ದು ತಾಗಿದಾಗ ಚುಳ್ ಅಂದು, ಒಂದೆರಡು ಸೆಕೆಂಡಿನಲ್ಲಿ ಮಾಯವಾದರೆ ತಿರುಳು ಇನ್ನೂ ಚೇತರಿಸಿಕೊಳ್ಳಬಹುದು. ಹುಳುಕು ತೆಗೆದು ಫಿಲ್ಲಿಂಗ್ ಮಾಡಿದರೆ ಮುಗಿಯುತ್ತದೆ. ಬಿಸಿ ತಾಗಿದ ಮೇಲೆ ನಿಮಿಷಗಟ್ಟಲೆ ಉಳಿದರೆ, ಏನೂ ತಾಗದೆ ತಾನೇ ಬಂದರೆ, ನಿದ್ದೆಯಿಂದ ಎಬ್ಬಿಸಿದರೆ, ತಿರುಳು ವಾಪಸ್ ಬರುವ ಹಂತ ದಾಟಿರುತ್ತದೆ. ಆಗ ರೂಟ್ ಕೆನಾಲ್ ಮಾಡಬೇಕು, ಇಲ್ಲವೇ ಹಲ್ಲು ಕೀಳಬೇಕು.

ನನಗೆ ತುಂಬಾ ಹೆದರಿಕೆ ಆಗುವುದು ಇದರ ಮುಂದಿನ ಹಂತಕ್ಕೆ. ಮೂರು ದಿನ ಕೊಂದು ಹಾಕಿದ ನೋವು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. "ಅಬ್ಬಾ, ವಾಸಿಯಾಯ್ತು" ಅಂತ ನಾವು ಅಪಾಯಿಂಟ್‌ಮೆಂಟ್ ರದ್ದು ಮಾಡುತ್ತೇವೆ. ವಾಸಿಯಾಗಿಲ್ಲ, ನರ ಸತ್ತಿದೆ. ನೋವು ಹೇಳುವವರು ಯಾರೂ ಇಲ್ಲ ಅಷ್ಟೇ. ಸೋಂಕು ಒಳಗೊಳಗೇ ಬೇರಿನ ತುದಿ ದಾಟಿ ಮೂಳೆಗೆ ಇಳಿಯುತ್ತಿರುತ್ತದೆ. ಚಿಕಿತ್ಸೆ ಇಲ್ಲದೆ ತಾನಾಗಿ ನಿಂತ ಹಲ್ಲುನೋವು ಡೆಂಟಿಸ್ಟ್ ಹತ್ತಿರ ಹೋಗಲು ಇನ್ನೊಂದು ಕಾರಣ.

ಅಲ್ಲಿಯವರೆಗೆ ಏನು ಮಾಡಬಹುದು? ಬೆಚ್ಚನೆಯ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ. ಹಲ್ಲುಗಳ ಸಂದಿಯಲ್ಲಿ ಏನಾದರೂ ಸಿಕ್ಕಿದ್ದರೆ ದಾರದಿಂದ ಮೆಲ್ಲಗೆ ತೆಗೆಯಿರಿ, ಎಷ್ಟೋ ಸಲ ನೋವಿನ ಕಾರಣವೇ ಅದಾಗಿರುತ್ತದೆ. ನೋವಿನ ಮಾತ್ರೆಗಳಲ್ಲಿ ಐಬುಪ್ರೊಫೇನ್ ಮತ್ತು ಪ್ಯಾರಾಸಿಟಮಾಲ್ ಹಲ್ಲುನೋವಿಗೆ ಚೆನ್ನಾಗಿ ಕೆಲಸ ಮಾಡುತ್ತವೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಅಸ್ತಮಾ ಇರುವವರು, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು, ಗರ್ಭಿಣಿಯರು ಕೇಳದೆ ಐಬುಪ್ರೊಫೇನ್ ತಗೊಳ್ಳಬಾರದು. ಪ್ಯಾರಾಸಿಟಮಾಲ್ ವಯಸ್ಕರಿಗೂ 24 ಗಂಟೆಯಲ್ಲಿ 4 ಗ್ರಾಂ ಮೀರಬಾರದು, ಅಂದರೆ 500 ಮಿಲಿಗ್ರಾಂನ ಎಂಟು ಮಾತ್ರೆ. ಲಿವರ್ ತೊಂದರೆ ಇದ್ದರೆ ಮಿತಿ ಇನ್ನೂ ಕಮ್ಮಿ. ಹಲ್ಲುನೋವು ತಡೆಯಲಾರದೆ ಗಂಟೆಗೊಂದು ನುಂಗಿ, ಜೊತೆಗೆ ಅದೇ ಔಷಧಿ ಇರುವ ನೆಗಡಿ ಮಾತ್ರೆಯನ್ನೂ ತಗೊಂಡು ಲಿವರ್ ಕೆಡಿಸಿಕೊಂಡವರು ಇದ್ದಾರೆ. ಮಕ್ಕಳಿಗೆ ತೂಕ ನೋಡಿಯೇ ಕೊಡಬೇಕು, ಆಸ್ಪಿರಿನ್ ಅಂತೂ ಬೇಡ.

ಮಾತ್ರೆಯನ್ನು ಒಸಡಿನ ಮೇಲೆ ಇಟ್ಟುಕೊಳ್ಳುವ ಅಭ್ಯಾಸ ಕೆಲವರಿಗಿದೆ. ಆಸ್ಪಿರಿನ್ ಆಮ್ಲೀಯ ವಸ್ತು. ಒಸಡು ಸುಟ್ಟು, ಬೆಳ್ಳಗಾಗಿ, ಸಿಪ್ಪೆ ಏಳುತ್ತದೆ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ನರವನ್ನು ಸ್ವಲ್ಪ ಹೊತ್ತು ಮಂಕಾಗಿಸುವುದು ನಿಜ. ಹತ್ತಿಗೆ ಒಂದು ಹನಿ ಹಾಕಿ ಹಲ್ಲಿನ ತೂತಿಗೆ ಮಾತ್ರ ಮುಟ್ಟಿಸಿ. ಸುಮ್ನೆ ಒಸಡಿಗೆಲ್ಲ ಸವರಿದರೆ ಅದೂ ಸುಡುತ್ತದೆ.

ಇನ್ನು ಆ್ಯಂಟಿಬಯಾಟಿಕ್. ಹಲ್ಲುನೋವು ಅಂದ ಕೂಡಲೇ ಮೆಡಿಕಲ್ ಶಾಪಿಗೆ ಹೋಗಿ ಅದನ್ನೇ ಕೇಳುವವರು ಜಾಸ್ತಿ, ಅಲ್ವಾ? ಔಷಧಿ ರಕ್ತದ ಮೂಲಕವೇ ಹೋಗಬೇಕು. ಸಾಯುತ್ತಿರುವ ತಿರುಳಿಗೆ ರಕ್ತ ಸರಿಯಾಗಿ ಹೋಗುವುದೇ ಇಲ್ಲ. ಹುಳುಕು ಇದ್ದಲ್ಲೇ ಇರುತ್ತದೆ. ಹಾಗಾಗಿ ಬರೀ ಹಲ್ಲುನೋವಿಗೆ ಅದು ಮದ್ದಲ್ಲ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರ ತನ್ನ ಮಾರ್ಗಸೂಚಿಯಲ್ಲಿ ಇದನ್ನೇ ಹೇಳಿತು: ಹೆಚ್ಚಿನ ಹಲ್ಲುನೋವಿಗೆ ಬೇಕಾದದ್ದು ಹಲ್ಲಿಗೆ ಚಿಕಿತ್ಸೆ. ಜ್ವರ ಬಂದು ಸೋಂಕು ಮೈಗೆ ಹರಡುವ ಲಕ್ಷಣ ಕಂಡಾಗ ಆ್ಯಂಟಿಬಯಾಟಿಕ್‌ಗೆ ಕೆಲಸ ಇದೆ.

ಇನ್ನೊಂದು ಮಾತು. ಕೆಳದವಡೆಯ ನೋವು ನಡೆದಾಗ ಹೆಚ್ಚಾಗಿ, ಕೂತಾಗ ಕಮ್ಮಿಯಾದರೆ, ಅಥವಾ ಜೊತೆಗೆ ಎದೆ ಹಿಡಿದ ಹಾಗಾಗಿ ಬೆವರಿದರೆ ಅದು ಹಲ್ಲಿನದಲ್ಲ, ಹೃದಯದ್ದಿರಬಹುದು. ಕಾಯದೆ ಆಂಬುಲೆನ್ಸ್ ಕರೆಯಿರಿ.

ಊತ ಕೆಳಗೆ ಇಳಿದರೆ

ಬೇರಿನ ತುದಿಯ ಕೀವು ಹೊರಬರಲು ದಾರಿ ಹುಡುಕುತ್ತದೆ. ಒಸಡಿನಲ್ಲಿ ಗುಳ್ಳೆಯಾಗಿ ಒಡೆದರೆ ಸದ್ಯಕ್ಕೆ ಬಚಾವ್. ಕೆಳಗಿನ ಹಿಂಬದಿಯ ದವಡೆ ಹಲ್ಲುಗಳ ಬೇರು ಬಾಯಿಯ ತಳದ ಸ್ನಾಯುವಿಗಿಂತ ಕೆಳಗೆ ಇಳಿದಿರುತ್ತದೆ. ಅಲ್ಲಿಂದ ಹೊರಟ ಸೋಂಕು ಸೀದಾ ನಾಲಿಗೆಯ ಅಡಿಗೆ, ಕುತ್ತಿಗೆಗೆ ಹರಡಬಹುದು. ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಇವತ್ತಿಗೂ ಲುಡ್ವಿಗ್ಸ್ ಆ್ಯಂಜೈನಾ ಅಂತಲೇ ಹೆಸರು. ಬಾಯಿಯ ತಳ ಊದಿ ನಾಲಿಗೆ ಮೇಲಕ್ಕೂ ಹಿಂದಕ್ಕೂ ತಳ್ಳಿಕೊಂಡು ಹೋಗುತ್ತದೆ, ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಹಲ್ಲಿನಿಂದ ಪ್ರಾಣ ಹೋಗುವುದು ಹೀಗೆ.

ಆದ್ದರಿಂದ ಈ ಲಕ್ಷಣಗಳನ್ನು ನೆನಪಿಡಿ. ನುಂಗಲು ಆಗುತ್ತಿಲ್ಲ, ಜೊಲ್ಲು ಸುರಿಯುತ್ತಿದೆ. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿಲ್ಲ. ದನಿ ಬದಲಾಗಿದೆ. ಗದ್ದದ ಕೆಳಗೆ ಗಟ್ಟಿ ಊತ. ಊತಕ್ಕೆ ಕಣ್ಣು ಮುಚ್ಚಿಕೊಂಡಿದೆ. ಮಲಗಿದರೆ ಉಸಿರು ಕಟ್ಟುತ್ತದೆ. ಇವುಗಳಲ್ಲಿ ಒಂದು ಕಂಡರೂ ಡೆಂಟಲ್ ಕ್ಲಿನಿಕ್ ತೆರೆಯಲಿ ಅಂತ ಕಾಯಬೇಡಿ. ರಾತ್ರಿ ಎರಡು ಗಂಟೆಯಾದರೂ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಊತಕ್ಕೆ ಬಿಸಿ ಶಾಖ ಕೊಡಬೇಡಿ. ಪಿನ್ನಿನಿಂದ ಚುಚ್ಚಿ ಕೀವು ತೆಗೆಯುವುದಂತೂ ಬೇಡವೇ ಬೇಡ.

ರಕ್ತ ನಿಲ್ಲದಿದ್ದರೆ

ಹಲ್ಲು ಕೀಳಿಸಿಕೊಂಡು ಬಂದ ದಿನ ಎಂಜಲು ಕೆಂಪಾಗಿರುವುದು ಸಹಜ. ಬಾಯಿ ತುಂಬ ರಕ್ತ ಬಂದರೆ ಗಾಯಕ್ಕೆ ಕಟ್ಟುವ ತೆಳು ಗಾಜ್ ಬಟ್ಟೆಯನ್ನು ಒದ್ದೆ ಮಾಡಿ, ದಪ್ಪಗೆ ಮಡಿಚಿ, ಗುಳಿಯ ಮೇಲಿಟ್ಟು ಗಟ್ಟಿಯಾಗಿ ಕಚ್ಚಿ. ಗಡಿಯಾರ ನೋಡಿಕೊಂಡು 20–30 ನಿಮಿಷ. ನಡುವೆ ತೆಗೆದು "ನಿಂತಿತಾ?" ಅಂತ ನೋಡಬಾರದು. ನೋಡಿದಾಗಲೆಲ್ಲ ಆಗಷ್ಟೇ ಕಟ್ಟಿದ ಹೆಪ್ಪು ಕಿತ್ತು ಬರುತ್ತದೆ. ಎರಡು ಸಲ ಹೀಗೆ ಮಾಡಿದರೂ ನಿಲ್ಲದಿದ್ದರೆ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ, ಹೋಗಿ ತೋರಿಸಿ. ಆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಗುಳಿಯಲ್ಲಿ ಕೂತ ಹೆಪ್ಪೇ ಗಾಯಕ್ಕೆ ಹೊದಿಕೆ. ಮೊದಲ 24 ಗಂಟೆ ಜೋರಾಗಿ ಉಗುಳುವುದು, ಮುಕ್ಕಳಿಸುವುದು, ಸ್ಟ್ರಾದಲ್ಲಿ ಹೀರುವುದು, ಸಿಗರೇಟು ಇದ್ಯಾವುದೂ ಕೂಡದು. ಹೆಪ್ಪು ಹೋದರೆ ಮೂಳೆ ಬಯಲಾಗಿ, ಎರಡು ಮೂರು ದಿನದ ಮೇಲೆ ಕಿವಿಯವರೆಗೂ ಸೆಳೆಯುವ ನೋವು ಬರುತ್ತದೆ. ಅದಕ್ಕೆ ಡೆಂಟಿಸ್ಟ್ ಗುಳಿಗೆ ಔಷಧಿ ತುಂಬಿದರೆ ಬೇಗ ಆರಾಮ ಸಿಗುತ್ತದೆ.

ಉಳಿದ ತೊಂದರೆಗಳು ಒಂದೆರಡು ದಿನ ಕಾಯುತ್ತವೆ. ಕ್ಯಾಪ್ ಬಿದ್ದರೆ ತೊಳೆದು ಜೋಪಾನ ಮಾಡಿ. ಫೆವಿಕ್ವಿಕ್‌ನಂಥ ಅಂಟು ಹಾಕಬೇಡಿ, ಒಳಗಿನ ಹಲ್ಲೂ ಕೆಡುತ್ತದೆ, ಕ್ಯಾಪೂ ಕೆಡುತ್ತದೆ. ಕ್ಲಿಪ್ಪಿನ ತಂತಿ ಕೆನ್ನೆಗೆ ಚುಚ್ಚುತ್ತಿದ್ದರೆ ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಮೆಲ್ಲಗೆ ಒಳಕ್ಕೆ ತಳ್ಳಿ, ಇಲ್ಲವೇ ಮೇಣ ಮೆತ್ತಿ. ಕತ್ತರಿಸಲು ಹೋಗಬೇಡಿ, ತುಂಡು ಗಂಟಲಿಗೆ ಹೋದೀತು.

ಬರದ ಹಾಗೆ ನೋಡಿಕೊಳ್ಳುವುದು

ಪೆಟ್ಟಿನ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಅಪಾಯ ಮೇಲಿನ ಎರಡು ಬಾಚಿ ಹಲ್ಲುಗಳಿಗೆ. ಹಲ್ಲು ಮುಂದೆ ಚಾಚಿರುವ ಮಕ್ಕಳಿಗೆ ಇನ್ನೂ ಜಾಸ್ತಿ, ತುಟಿಯ ಮರೆ ಇರುವುದಿಲ್ಲ. ಅಂಥ ಮಕ್ಕಳಿಗೆ ಕ್ಲಿಪ್ ಹಾಕಿಸುವುದು ಬರೀ ಅಂದಕ್ಕಲ್ಲ. ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವ ಆಟ ಯಾವುದೇ ಆಡಲಿ, ಹಲ್ಲಿಗೆ ತೊಡುವ ಮೆತ್ತನೆಯ ಕವಚ ಅಂದರೆ ಮೌತ್‌ಗಾರ್ಡ್ ಹಾಕಿಸಿ. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕಚ್ಚಿ ಹೊಂದಿಸಿಕೊಳ್ಳುವ ಬಗೆ ಸಿಗುತ್ತದೆ. ಡೆಂಟಿಸ್ಟ್ ಅಳತೆ ತಗೊಂಡು ಮಾಡಿಕೊಡುವುದು ಬಾಯಿಗೆ ಚೆನ್ನಾಗಿ ಕೂರುತ್ತದೆ, ಮಾತಾಡಲೂ ಉಸಿರಾಡಲೂ ಸಲೀಸು. ಬೆಳೆಯುವ ಮಕ್ಕಳಿಗೆ ಆಗಾಗ ಬದಲಿಸಬೇಕು. ನಮ್ಮ ಹುಡುಗ ಈಗ ಅದಿಲ್ಲದೆ ಆಟಕ್ಕೆ ಇಳಿಯುವುದಿಲ್ಲ.

ದೊಡ್ಡವರ ಹಲ್ಲು ಮುರಿಯುವುದು ಬೀಳುವುದರಿಂದ ಮಾತ್ರ ಅಲ್ಲ. ಬಾಟಲಿ ಮುಚ್ಚಳ ಕಚ್ಚಿ ತೆಗೆಯುವುದು, ಐಸ್ ತುಂಡು ಅಗಿಯುವುದು, ದಾರ ಕಡಿಯುವುದು. ದೊಡ್ಡ ಹಳೇ ಫಿಲ್ಲಿಂಗ್ ಇರುವ ಹಲ್ಲಿನ ಗೋಡೆ ಮೊದಲೇ ತೆಳುವಾಗಿರುತ್ತದೆ. ಕಚ್ಚಿದಾಗ ಅಲ್ಲ, ಕಚ್ಚಿ ಬಿಡುವಾಗ ಚುಳ್ ಅಂದರೆ ಹಲ್ಲಿನಲ್ಲಿ ಬಿರುಕು ಇರಬಹುದು. ಆಗಲೇ ತೋರಿಸಿದರೆ ಕ್ಯಾಪ್ ಹಾಕಿ ಉಳಿಸಬಹುದು. ನಿದ್ದೆಯಲ್ಲಿ ಹಲ್ಲು ಕಡಿಯುವವರು ರಾತ್ರಿ ಹಾಕಿಕೊಳ್ಳುವ ಗಾರ್ಡ್ ಬಗ್ಗೆ ಕೇಳಿ.

ಹುಳುಕಿನಿಂದ ಬರುವ ತುರ್ತುಗಳೆಲ್ಲ ತಿಂಗಳುಗಟ್ಟಲೆ ಮೊದಲೇ ಶುರುವಾಗಿರುತ್ತವೆ. ದಿನಕ್ಕೆರಡು ಸಲ, ಅದರಲ್ಲೂ ಮಲಗುವ ಮೊದಲು, 1000ದಿಂದ 1500 ಪಿಪಿಎಂ (ಹತ್ತು ಲಕ್ಷ ಪಾಲಿಗೆ ಅಷ್ಟು ಪಾಲು) ಫ್ಲೋರೈಡ್ ಇರುವ ಪೇಸ್ಟಿನಲ್ಲಿ ಹಲ್ಲುಜ್ಜಿ. ನೊರೆ ಉಗುಳಿ ಸಾಕು, ನೀರು ಹಾಕಿ ಮುಕ್ಕಳಿಸಿದರೆ ಫ್ಲೋರೈಡೂ ತೊಳೆದು ಹೋಗುತ್ತದೆ. ಸಿಹಿ ಎಷ್ಟು ತಿಂದಿರಿ ಅನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದಿರಿ ಅನ್ನುವುದು ಹಲ್ಲಿಗೆ ಮುಖ್ಯ. ದೂರದ ಪ್ರಯಾಣ ಇದೆ ಅಂದರೆ ಹೊರಡುವ ಕೆಲವು ವಾರ ಮೊದಲೇ ತೋರಿಸಿಕೊಳ್ಳಿ. ವಿಮಾನ ಮೇಲೇರಿದಾಗ ಹಲ್ಲಿನೊಳಗೆ ಸಿಕ್ಕಿಬಿದ್ದ ಗಾಳಿ ಹಿಗ್ಗಿ, ಸುಮ್ಮನಿದ್ದ ಹುಳುಕು ಹಲ್ಲು ನೋಯತೊಡಗುವುದುಂಟು.

ಒಂದು ಸಣ್ಣ ಡಬ್ಬಿ ಮಾಡಿಟ್ಟುಕೊಳ್ಳಿ. ಗಾಜ್, ಕೈಗವಸು, ಮುಚ್ಚಳ ಇರುವ ಪುಟ್ಟ ಡಬ್ಬ, ಸಲೈನ್ ಬಾಟಲಿ, ಕ್ಲಿಪ್ ಇರುವವರು ಮನೆಯಲ್ಲಿದ್ದರೆ ಮೇಣ. ನಿಮ್ಮ ಡೆಂಟಿಸ್ಟ್ ನಂಬರ್ ಜೊತೆಗೆ, ರಾತ್ರಿ ಮತ್ತು ರಜೆ ದಿನ ತುರ್ತಾಗಿ ಹಲ್ಲು ನೋಡುವ ಆಸ್ಪತ್ರೆ ಯಾವುದು ಅಂತ ಇವತ್ತೇ ವಿಚಾರಿಸಿ, ಆ ನಂಬರನ್ನೂ ಫೋನಿನಲ್ಲಿ ಹಾಕಿಡಿ. ಕರೆ ಮಾಡಿದಾಗ ಮೊದಲು ಹೇಳಬೇಕಾದ್ದು ಮೂರೇ: ವಯಸ್ಸು ಎಷ್ಟು, ಹಲ್ಲು ಬಿದ್ದು ಎಷ್ಟು ನಿಮಿಷ ಆಯಿತು, ಅದು ಈಗ ಯಾವುದರಲ್ಲಿದೆ.